ಹವಳದ ಟ್ಯಾಂಕಿಗೆ ಸುಣ್ಣವೋ, ಸೋಡಾವೋ, ರಿಯಾಕ್ಟರೋ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮನೆಯಲ್ಲಿ 75 ಗ್ಯಾಲನ್ನಿನ ಸಮುದ್ರದ ನೀರಿನ ಟ್ಯಾಂಕ್ ಇದೆ. ಅದರಡಿಯ ಸಂಪ್ (ನೀರು ಇಳಿದು ಮತ್ತೆ ಮೇಲೆ ಹೋಗುವ ಚಿಕ್ಕ ತೊಟ್ಟಿ) ಸೇರಿಸಿ, ಕಲ್ಲು ಮರಳು ಕಳೆದರೆ ಸುಮಾರು 280 ಲೀಟರ್ ನೀರು. ಮೊದಲ ವರ್ಷ ಮೆತ್ತನೆಯ ಹವಳಗಳಷ್ಟೇ ಇದ್ದವು. ವಾರಕ್ಕೆ 10 ಪರ್ಸೆಂಟ್ ನೀರು ಬದಲಿಸಿದರೆ ಸಾಕಾಗುತ್ತಿತ್ತು. ಈಗ ಗಟ್ಟಿ ಹವಳಗಳಾದ ಹ್ಯಾಮರ್, ಮಾಂಟಿಪೋರಾ, ಎರಡು ಅಕ್ರೋಪೋರಾ ತುಂಡು ಸೇರಿವೆ. ಆಲ್ಕಲಿನಿಟಿ (ಹವಳ ಅಸ್ಥಿ ಕಟ್ಟಲು ಬಳಸುವ ಕಾರ್ಬೊನೇಟ್‌ಗಳ ಮಟ್ಟ, ಡಿಕೆಎಚ್‌ನಲ್ಲಿ ಅಳೆಯುವುದು) ನಿಲ್ಲುತ್ತಲೇ ಇಲ್ಲ. ಹೋದ ಭಾನುವಾರ ಅಡುಗೆ ಸೋಡಾ ಹಾಕಿ 8.1 ಡಿಕೆಎಚ್‌ಗೆ ತಂದೆ. ಶನಿವಾರ ನೋಡಿದರೆ 6.6. ಕ್ಯಾಲ್ಸಿಯಂ ಮಾತ್ರ 415 ಪಿಪಿಎಂ (ಲೀಟರಿಗೆ ಸುಮಾರು ಅಷ್ಟು ಮಿಲಿಗ್ರಾಂ) ಇದ್ದದ್ದು 410, ಅಷ್ಟೇ ಇಳಿದಿದೆ. ಬೆಳಿಗ್ಗೆ ಪಿಎಚ್ 7.8 ತೋರಿಸುತ್ತದೆ. ಸೋಡಾ ಒಂದನ್ನೇ ಹಾಕುತ್ತಾ ಹೋದರೆ ಸಾಕಾ? ಅಂಗಡಿಯವರು ಕ್ಯಾಲ್ಸಿಯಂ ರಿಯಾಕ್ಟರ್ ತೆಗೆದುಕೊಳ್ಳಿ ಅನ್ನುತ್ತಾರೆ. ಒಬ್ಬ ಸ್ನೇಹಿತರು ಎರಡು ಬಾಟಲಿ ದ್ರಾವಣ ಅನ್ನುತ್ತಾರೆ, ಇನ್ನೊಬ್ಬರು ಸುಣ್ಣದ ನೀರು. ಯಾವುದನ್ನು ಆರಿಸಲಿ ಸರ್?

ಉತ್ತರ: ರಿಯಾಕ್ಟರ್ ಬೇಡ. ಸೋಡಾ ಒಂದೇ ಸಾಲದು. ನಿಮ್ಮ ಮನೆಗೆ, ಈ ಚಳಿಗಾಲಕ್ಕೆ, ಸುಣ್ಣದ ನೀರೇ ಸರಿ. ಯಾಕೆ ಅಂತ ಈಗ ವಿವರವಾಗಿ ಹೇಳುತ್ತೇನೆ.

ಮೊದಲು ಒಂದು ಸಂತೋಷದ ಮಾತು. ನನಗೆ ಬರುವ ಹತ್ತು ಪ್ರಶ್ನೆಗಳಲ್ಲಿ ಒಂಬತ್ತು ಜನ ಯಾವ ವಿಧಾನ ಒಳ್ಳೆಯದು ಅಂತ ಕೇಳುತ್ತಾರೆ, ತಮ್ಮ ಟ್ಯಾಂಕ್ ದಿನಕ್ಕೆ ಎಷ್ಟು ತಿನ್ನುತ್ತದೆ ಅಂತ ಹೇಳುವುದೇ ಇಲ್ಲ. ನೀವು ಎರಡು ದಿನದ ಎರಡು ಅಂಕಿ ಕೊಟ್ಟಿದ್ದೀರಿ. ಅದರಲ್ಲೇ ಅರ್ಧ ಉತ್ತರ ಇದೆ. ಆರು ದಿನದಲ್ಲಿ 1.5 ಡಿಕೆಎಚ್ ಇಳಿದಿದೆ. ಅಂದರೆ ದಿನಕ್ಕೆ 0.25. ಇದೇ ನಿಮ್ಮ ಟ್ಯಾಂಕಿನ ದಿನದ ಖರ್ಚು. ಮನೆ ಖರ್ಚು ಗೊತ್ತಿಲ್ಲದೆ ಸಂಬಳ ಸಾಕಾ ಅಂತ ಕೇಳಿದರೆ ಯಾರು ಹೇಳಲು ಸಾಧ್ಯ?

ಈಗ ಕ್ಯಾಲ್ಸಿಯಂ ವಿಷಯ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಹವಳದ ಅಸ್ಥಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕಟ್ಟುವಾಗ ಹವಳ ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎರಡನ್ನೂ ಒಂದೇ ಲೆಕ್ಕದಲ್ಲಿ ಎಳೆದುಕೊಳ್ಳುತ್ತದೆ. ಆ ಲೆಕ್ಕ ಹೀಗಿದೆ: ಆಲ್ಕಲಿನಿಟಿ 2.8 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ 20 ಪಿಪಿಎಂ ಇಳಿಯುತ್ತದೆ. ಒಂದು ಡಿಕೆಎಚ್‌ಗೆ ಏಳು ಪಿಪಿಎಂ ಚಿಲ್ಲರೆ. ಹಾಗಾಗಿ ನಿಮ್ಮ 1.5ಕ್ಕೆ ಕ್ಯಾಲ್ಸಿಯಂ ಸುಮಾರು 11 ಪಿಪಿಎಂ ಇಳಿದಿರಬೇಕು. ನಿಮ್ಮ ಕಿಟ್ ತೋರಿಸಿದ್ದು 5. ಹನಿ ಎಣಿಸುವ ಕಿಟ್‌ನಲ್ಲಿ 10 ಪಿಪಿಎಂ ಆಚೀಚೆ ಆಗುವುದು ಮಾಮೂಲು, ಅದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಕ್ಯಾಲ್ಸಿಯಂ ನೀರಿನಲ್ಲಿ 400ರ ಮೇಲೆ ತುಂಬಿಕೊಂಡಿದೆ, ಅದರಲ್ಲಿ 11 ಹೋದರೆ ಕಣ್ಣಿಗೆ ಬೀಳುವುದಿಲ್ಲ. ಆಲ್ಕಲಿನಿಟಿ ಇರುವುದೇ ಎಂಟು, ಅದರಲ್ಲಿ ಒಂದೂವರೆ ಹೋದರೆ ಎದ್ದು ಕಾಣುತ್ತದೆ. ಬೇಳೆ ಡಬ್ಬದಲ್ಲಿ ಒಂದು ಹಿಡಿ ಕಡಿಮೆಯಾದರೆ ಗೊತ್ತಾಗುವುದಿಲ್ಲ, ಏಲಕ್ಕಿ ಡಬ್ಬದಲ್ಲಿ ಗೊತ್ತಾಗುತ್ತದೆ ಅಲ್ವಾ?

ಸೋಡಾ ಒಂದನ್ನೇ ಹಾಕುತ್ತಾ ಹೋದರೆ ಆಲ್ಕಲಿನಿಟಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಕ್ಯಾಲ್ಸಿಯಂ ದಿನಕ್ಕೆ 1.8 ಪಿಪಿಎಂನಂತೆ ಸದ್ದಿಲ್ಲದೆ ಸೋರುತ್ತಿರುತ್ತದೆ. ನೀರು ಬದಲಿಸದೇ ಇದ್ದರೆ ಎರಡು ತಿಂಗಳಲ್ಲಿ 300ರ ಹತ್ತಿರ ಬಂದು ಕೂರುತ್ತದೆ. ಹಾಗಾಗಿ ಅಳೆಯುವುದು ಆಲ್ಕಲಿನಿಟಿಯನ್ನು, ತುಂಬುವುದು ಎರಡನ್ನೂ. ಕ್ಯಾಲ್ಸಿಯಂ ಅನ್ನು ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು.

ನೀರು ಬದಲಿಸುವುದರಿಂದಲೇ ಯಾಕೆ ಸರಿಹೋಗುವುದಿಲ್ಲ ಅಂತ ನಿಮಗೆ ಅನಿಸಿರಬಹುದು. ಟ್ಯಾಂಕಿನಲ್ಲಿ 7 ಇದೆ, ಹೊಸ ಉಪ್ಪುನೀರಿನಲ್ಲಿ 8 ಇದೆ ಅಂದುಕೊಳ್ಳಿ. ಹತ್ತನೇ ಒಂದು ಭಾಗ ಬದಲಿಸಿದರೆ ಏರುವುದು 0.1 ಮಾತ್ರ. ಹೊಸ ನೀರು 11 ಇದ್ದರೂ 0.4. ನಿಮಗೆ ವಾರಕ್ಕೆ ಬೇಕಾಗಿರುವುದು 1.75. ಮೆತ್ತನೆಯ ಹವಳಗಳಿದ್ದಾಗ ಅಸ್ಥಿ ಕಟ್ಟುವವರು ಇರಲಿಲ್ಲ, ಅದಕ್ಕೇ ಸಾಕಾಗುತ್ತಿತ್ತು. ನೀರು ಬದಲಿಸುವುದನ್ನು ನಿಲ್ಲಿಸಬೇಡಿ, ಅದರ ಲಾಭ ಬೇರೆ. ಆದರೆ ಈ ಕೆಲಸ ಅದರಿಂದ ಆಗುವುದಿಲ್ಲ.

ಈಗ ನಿಮ್ಮ 0.25 ಅನ್ನು ತೂಕಕ್ಕೆ ತಿರುಗಿಸೋಣ. 280 ಲೀಟರಿನಲ್ಲಿ ದಿನಕ್ಕೆ 0.25 ಡಿಕೆಎಚ್ ಅಂದರೆ 2.1 ಗ್ರಾಂ ಅಡುಗೆ ಸೋಡಾ. ಅರ್ಧ ಟೀ ಚಮಚವೂ ಅಲ್ಲ. ಇಷ್ಟಕ್ಕೆ ಗ್ಯಾಸ್ ಸಿಲಿಂಡರು, ರೆಗ್ಯುಲೇಟರು, ಪಂಪು ಎಲ್ಲ ಕೂರಿಸಿ ನೂರಾರು ಡಾಲರ್ ಸುರಿಯುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ರಿಯಾಕ್ಟರ್ ಕೆಟ್ಟದ್ದಲ್ಲ, ಅದರ ಜಾಗ ಬೇರೆ. ಅದರೊಳಗೆ ಹವಳದ ಚೂರು ತುಂಬಿರುತ್ತಾರೆ. ಕಾರ್ಬನ್ ಡೈಆಕ್ಸೈಡ್ ಬಿಟ್ಟು ಒಳಗಿನ ನೀರಿನ ಪಿಎಚ್ ಅನ್ನು 6.5ರ ಆಸುಪಾಸಿಗೆ ಇಳಿಸುತ್ತಾರೆ. ಆ ಹುಳಿಗೆ ಚೂರು ಕರಗಿ, ಹಳೆಯ ಹವಳದ ಕ್ಯಾಲ್ಸಿಯಂ, ಕಾರ್ಬೊನೇಟು, ಜೊತೆಗೆ ಒಂದಿಷ್ಟು ಮೆಗ್ನೀಸಿಯಂ, ಸ್ಟ್ರಾನ್ಷಿಯಂ ಎಲ್ಲ ಹೊಸ ಹವಳಕ್ಕೆ ಸಿಗುತ್ತದೆ. 500 ಲೀಟರಿನ ಮೇಲಿನ, ಅಕ್ರೋಪೋರಾ ತುಂಬಿ ತುಳುಕುವ ಟ್ಯಾಂಕಿಗೆ ಬಹಳ ಚೆಂದದ ವ್ಯವಸ್ಥೆ. ಆದರೆ ಹೊರಬರುವ ನೀರಿನಲ್ಲಿ ಉಳಿಕೆ ಗ್ಯಾಸ್ ಇರುತ್ತದೆ, ಅದು ಟ್ಯಾಂಕಿನ ಪಿಎಚ್ ಅನ್ನು ಇನ್ನಷ್ಟು ಕೆಳಗೆ ಎಳೆಯುತ್ತದೆ. ನಿಮ್ಮಲ್ಲಿ ಈಗಾಗಲೇ 7.8.

ಆ 7.8 ನಿಮ್ಮ ಟ್ಯಾಂಕಿನ ತಪ್ಪಲ್ಲ, ನಿಮ್ಮ ಮನೆಯ ಗಾಳಿಯದು. ಚಳಿಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಹೀಟರ್ ಹಾಕಿಕೊಂಡಿರುತ್ತೀರಿ. ಮನೆಮಂದಿಯ ಉಸಿರು, ಗ್ಯಾಸ್ ಒಲೆ ಎಲ್ಲ ಸೇರಿ ಒಳಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ನೀರು ಅದನ್ನು ಕುಡಿಯುತ್ತದೆ, ಪಿಎಚ್ ಇಳಿಯುತ್ತದೆ. ನಮ್ಮ ಮನೆಯಲ್ಲಿ ಒಂದು ಸಂಕ್ರಾಂತಿಗೆ ಮೂವತ್ತು ಜನ ಸೇರಿದ್ದರು. ಎಳ್ಳು ಬೆಲ್ಲ ಹಂಚಿ ಎಲ್ಲರೂ ಹೊರಟ ಮೇಲೆ ಮೀಟರ್ ನೋಡಿದೆ, 7.7. ಮಾರನೇ ದಿನ ಒಂದು ಗಂಟೆ ಕಿಟಕಿ ತೆರೆದಿಟ್ಟೆ, ತಾನಾಗಿ ಏರಿತು. ಸಮುದ್ರದಲ್ಲಿ ಇದು 8.1ರ ಸುತ್ತ ಇರುತ್ತದೆ. 7.8 ಅಪಾಯವಲ್ಲ, ಆದರೆ ಹವಳಕ್ಕೆ ಅಸ್ಥಿ ಕಟ್ಟುವುದು ಸ್ವಲ್ಪ ಕಷ್ಟ.

ಸುಣ್ಣದ ನೀರು ಇಲ್ಲಿಯೇ ಗೆಲ್ಲುವುದು. ಅಂಗಡಿಯವರು ಅದನ್ನು ಕಾಲ್ಕ್‌ವಾಸರ್ ಅನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ಸುಣ್ಣದ ನೀರು, ಅಷ್ಟೇ. ಹೆಸರು ಕೇಳಿ ಹೆದರಬೇಡಿ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು, ನೀರು ಹಾಕಿ ಅರಳಿಸಿ ಸುಣ್ಣ ಮಾಡುತ್ತಿದ್ದರಲ್ಲ, ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ಇರುತ್ತಿತ್ತಲ್ಲ, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸಮುದ್ರದ ಚಿಪ್ಪಿನಿಂದ ಬಂದ ಸುಣ್ಣವನ್ನು ಮತ್ತೆ ಸಮುದ್ರದ ನೀರಿಗೆ ಹಾಕಿ ಹವಳ ಬೆಳೆಸುವುದು ನನಗಂತೂ ಇವತ್ತಿಗೂ ಮಜಾ ಅನಿಸುತ್ತದೆ. ಹಾಗಂತ ಎಲೆಅಡಿಕೆ ಸುಣ್ಣವನ್ನೇ ತಂದು ಹಾಕಬೇಡಿ. ಅದರಲ್ಲಿ ಬಣ್ಣ, ಕಲ್ಲುಚೂರು ಏನೇನಿರುತ್ತದೋ. ಅಮೆರಿಕದಲ್ಲಿ ಉಪ್ಪಿನಕಾಯಿ ಗರಿಗರಿಯಾಗಲಿ ಅಂತ ಹಾಕುವ ಪಿಕ್ಲಿಂಗ್ ಲೈಮ್ ಎಂಬ ಬಿಳಿ ಪುಡಿ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಅದು ತಿನ್ನುವ ದರ್ಜೆಯದು, ಅದೇ ಸಾಕು.

ಇದರ ಗುಣ ಏನೆಂದರೆ, ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ ಎರಡೂ ಒಂದೇ ಪುಡಿಯಲ್ಲಿ, ಹವಳಕ್ಕೆ ಬೇಕಾದ ಲೆಕ್ಕದಲ್ಲೇ ಇವೆ. ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾಗುವ ತಲೆನೋವಿಲ್ಲ. ಜೊತೆಗೆ ಸುಣ್ಣ ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅನ್ನು ಹಿಡಿದು ಬೈಕಾರ್ಬೊನೇಟ್ ಮಾಡುತ್ತದೆ. ಮುಚ್ಚಿದ ಮನೆಯ ಕೆಟ್ಟ ಗಾಳಿಯೇ ಹವಳದ ಊಟವಾಗುತ್ತದೆ. ಪಿಎಚ್ ತಾನಾಗಿ ಏರುತ್ತದೆ. ಬೇರೆ ಉಪ್ಪೇನೂ ಉಳಿಯುವುದಿಲ್ಲ.

ಮಿತಿಯೂ ಇದೆ. ಸುಣ್ಣ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಲೀಟರಿಗೆ ಒಂದೂವರೆ ಗ್ರಾಂ ಚಿಲ್ಲರೆ. ಟ್ಯಾಂಕಿನಿಂದ ಎಷ್ಟು ನೀರು ಆವಿಯಾಗುತ್ತದೋ ಅಷ್ಟೇ ಸುಣ್ಣದ ನೀರು ಹಾಕಬಹುದು, ಅದಕ್ಕಿಂತ ಜಾಸ್ತಿ ಹಾಕಿದರೆ ಉಪ್ಪಿನಂಶ ತೆಳುವಾಗುತ್ತದೆ. ನಿಮಗೆ ಲೆಕ್ಕ ಹಾಕಿ ನೋಡಿದೆ. ಪೂರ್ತಿ ಕರಗಿದ ಸುಣ್ಣದ ನೀರು ಒಂದು ಲೀಟರ್ ನಿಮ್ಮ ಟ್ಯಾಂಕಿಗೆ ಸುಮಾರು 0.4 ಡಿಕೆಎಚ್ ಕೊಡುತ್ತದೆ. ನಿಮಗೆ ಬೇಕಾದ್ದು ದಿನಕ್ಕೆ 600 ಮಿಲಿ ಲೀಟರ್. ಒಣ ಗಾಳಿಯ ಮನೆಯಲ್ಲಿ 75 ಗ್ಯಾಲನ್ ಟ್ಯಾಂಕಿನಿಂದ ದಿನಕ್ಕೆ ಎರಡು ಮೂರು ಲೀಟರ್ ಆವಿಯಾಗುವುದು ಸಾಮಾನ್ಯ. ನಿಮ್ಮ ಹವಳಗಳು ಮೂರು ಪಟ್ಟು ಹಸಿದರೂ ಸುಣ್ಣದಲ್ಲೇ ತೂಗಿಸಬಹುದು.

ಮಾಡುವ ರೀತಿ ಹೇಳುತ್ತೇನೆ. ಮುಚ್ಚಳ ಇರುವ ನಾಲ್ಕು ಲೀಟರಿನ ಪ್ಲಾಸ್ಟಿಕ್ ಜಾರ್ ತೆಗೆದುಕೊಳ್ಳಿ. ಆರ್‌ಒ ನೀರು ತುಂಬಿ ಲೀಟರಿಗೆ 2 ಗ್ರಾಂನಂತೆ 8 ಗ್ರಾಂ ಪುಡಿ ಹಾಕಿ, ಮುಚ್ಚಿ, ನಿಧಾನವಾಗಿ ಅಲುಗಾಡಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲೆ ತಿಳಿ, ಕೆಳಗೆ ಗಸಿ. ಟ್ಯಾಂಕಿಗೆ ಹೋಗಬೇಕಾದ್ದು ತಿಳಿ ಮಾತ್ರ. ಡೋಸಿಂಗ್ ಪಂಪಿನ (ಹೊತ್ತಿಗೆ ಸರಿಯಾಗಿ ಅಳೆದು ಹಾಕುವ ಪಂಪು) ಕೊಳವೆಯ ತುದಿ ಜಾರಿನ ತಳದಿಂದ ಮೂರು ನಾಲ್ಕು ಸೆಂಟಿಮೀಟರ್ ಮೇಲಿರಲಿ. ಮೇಲೆ ಕೆನೆ ಕಟ್ಟಿದ ಹಾಗೆ ತೆಳುವಾದ ಪದರ ಬರುತ್ತದೆ. ಅದು ಗಾಳಿ ತಾಗಿ ಸುಣ್ಣ ಮತ್ತೆ ಕಲ್ಲಾಗುತ್ತಿರುವುದು, ಅದಕ್ಕೇ ಮುಚ್ಚಳ. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ 12 ಸಲ, ಸಲಕ್ಕೆ 50 ಮಿಲಿ ಲೀಟರ್, ಸಂಪ್‌ನಲ್ಲಿ ನೀರು ರಭಸವಾಗಿ ಹರಿಯುವ ಕಡೆ ಬೀಳುವಂತೆ ಹೊಂದಿಸಿ. ರಾತ್ರಿ ಯಾಕೆಂದರೆ, ದೀಪ ಆರಿದ ಮೇಲೆ ಪಿಎಚ್ ತಾನಾಗಿ ಇಳಿಯುತ್ತದೆ, ಸುಣ್ಣ ಅದನ್ನು ಹಿಡಿದು ನಿಲ್ಲಿಸುತ್ತದೆ. ಮೊದಲ ನಾಲ್ಕು ದಿನ ಅರ್ಧದಷ್ಟೇ ಹಾಕಿ. ಪುಡಿ ಮುಟ್ಟುವಾಗ ಕೈಗವಸು ಇರಲಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಇದರ ಪಿಎಚ್ 12ರ ಮೇಲೆ. ಮಕ್ಕಳಿದ್ದರೆ ಜಾರ್ ಕ್ಯಾಬಿನೆಟ್ ಒಳಗೇ ಇರಬೇಕು.

ಜಾರ್ ನಾಲ್ಕೇ ಲೀಟರ್ ಅಂದದ್ದು ಸುಮ್ನೆ ಅಲ್ಲ. ನಾನು ಶುರುವಿನಲ್ಲಿ ಬುದ್ಧಿವಂತಿಕೆ ಮಾಡಿ, ಆವಿಯಾದ ನೀರು ತುಂಬುವ ಸ್ವಯಂಚಾಲಿತ ಪಂಪಿನ ಇಪ್ಪತ್ತು ಲೀಟರ್ ಡ್ರಮ್ಮಿಗೇ ಸುಣ್ಣ ಕಲಸಿಟ್ಟಿದ್ದೆ. ಒಂದು ರಾತ್ರಿ ಬಸವನಹುಳು ಬಂದು ಫ್ಲೋಟ್ ಸ್ವಿಚ್ ಮೇಲೆ ಕೂತಿತು. ಸ್ವಿಚ್ ಮೇಲೇಳಲಿಲ್ಲ, ಪಂಪ್ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕ್ ತುಂಬಾ ನೀರು ಮಜ್ಜಿಗೆ. ಪಿಎಚ್ 9 ದಾಟಿತ್ತು. ಕಿಟಕಿ ತೆರೆದು, ಗಾಳಿ ಪಂಪು ಹಾಕಿ, ಎರಡು ದಿನ ನೀರು ಬದಲಿಸಿದೆ. ಮೀನು ಉಳಿದವು, ಎರಡು ಅಕ್ರೋಪೋರಾ ಹೋದವು. ತಪ್ಪು ಪೂರ್ತಿ ನನ್ನದೇ. ನಿಮ್ಮ ನಾಲ್ಕು ಲೀಟರ್ ಇಡಿಯಾಗಿ ಒಂದೇ ಸಲ ಸುರಿದರೂ ಏರುವುದು 1.6 ಡಿಕೆಎಚ್. ಬೇಜಾರಾಗುತ್ತದೆ, ಆದರೆ ಟ್ಯಾಂಕ್ ಮುಗಿದುಹೋಗುವುದಿಲ್ಲ. ಆವಿ ತುಂಬುವ ಪಂಪಿನಲ್ಲಿ ಬರೀ ನೀರು ಇರಲಿ.

ಸುಣ್ಣ ಶುರು ಮಾಡುವ ಮೊದಲು ಈಗಿನ 6.6 ಅನ್ನು 8ರ ಹತ್ತಿರ ತನ್ನಿ. ಒಟ್ಟು 12 ಗ್ರಾಂ ಅಡುಗೆ ಸೋಡಾ ಬೇಕು. ಮೂರು ದಿನ, ದಿನಕ್ಕೆ 4 ಗ್ರಾಂನಂತೆ, ಒಂದು ಲೋಟ ಆರ್‌ಒ ನೀರಿನಲ್ಲಿ ಕರಗಿಸಿ ನಿಧಾನವಾಗಿ ಹಾಕಿ. ಆ ಮೂರು ದಿನವೂ ಹವಳ ತಿನ್ನುತ್ತಲೇ ಇರುತ್ತದೆ, ಹಾಗಾಗಿ ದಿನಕ್ಕೆ ಇನ್ನೆರಡು ಗ್ರಾಂ ಸೇರಿಸಿಕೊಳ್ಳಿ. ದಿನಕ್ಕೆ ಒಂದು ಡಿಕೆಎಚ್‌ಗಿಂತ ಜಾಸ್ತಿ ಏರಿಸುವುದು ಬೇಡ. ಒಂದು ಎಚ್ಚರ: ಅಡುಗೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಬೇರೆ. ಪೌಡರ್‌ನಲ್ಲಿ ಹುಳಿಯ ಪುಡಿ ಬೆರೆತಿರುತ್ತದೆ, ಅದು ಕೇಕ್‌ಗೆ.

ಸ್ನೇಹಿತರು ಹೇಳಿದ ಎರಡು ಬಾಟಲಿಯೂ ಒಳ್ಳೆಯ ದಾರಿಯೇ. ಒಂದರಲ್ಲಿ ಸೋಡಾ, ಇನ್ನೊಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್. ಚಳಿಗಾಲದಲ್ಲಿ ನಿಮ್ಮ ಮನೆ ಮುಂದೆ ಹಿಮ ಕರಗಿಸಲು ಚೆಲ್ಲುವ ಉಪ್ಪುಗಳಲ್ಲಿ ಇದೂ ಒಂದು. ಆದರೆ ಆ ಚೀಲಗಳಲ್ಲಿ ಬೇರೆ ಉಪ್ಪು ಬೆರೆತಿರುತ್ತದೆ, ತಿನ್ನುವ ದರ್ಜೆಯದನ್ನೇ ಕೊಳ್ಳಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರಿಗೆ 84 ಗ್ರಾಂ ಅಡುಗೆ ಸೋಡಾ, ಇನ್ನೊಂದು ಲೀಟರಿಗೆ 73.5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಈ ಅಳತೆಯಲ್ಲಿ ಎರಡನ್ನೂ ಸಮಸಮ ಹಾಕಿದರೆ ಲೆಕ್ಕ ಕೂಡುತ್ತದೆ. ನಿಮ್ಮ ಟ್ಯಾಂಕಿಗೆ ದಿನಕ್ಕೆ ತಲಾ 25 ಮಿಲಿ ಲೀಟರ್. ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಸುರಿದರೆ ಅಲ್ಲೇ ಸೀಮೆಸುಣ್ಣವಾಗಿ ಕೂರುತ್ತದೆ, ಹವಳಕ್ಕೆ ಏನೂ ಸಿಗುವುದಿಲ್ಲ. ಅರ್ಧ ಗಂಟೆ ಅಂತರ ಇರಲಿ.

ಇದರ ಕೊರತೆ ಎಂದರೆ ಉಳಿಕೆ ಉಪ್ಪು. ಹವಳ ತನಗೆ ಬೇಕಾದ್ದು ತೆಗೆದುಕೊಂಡ ಮೇಲೆ ಸೋಡಿಯಂ, ಕ್ಲೋರೈಡ್ ನೀರಿನಲ್ಲೇ ಉಳಿಯುತ್ತವೆ. ನಿಮ್ಮ ಖರ್ಚಿಗೆ ಅದು ವರ್ಷಕ್ಕೆ ಅರ್ಧ ಕೆಜಿಯಷ್ಟು. ವಾರಾವಾರ ನೀರು ಬದಲಿಸುವವರಿಗೆ ಇದು ದೊಡ್ಡ ವಿಷಯವಲ್ಲ. ಅಡುಗೆ ಸೋಡಾ ಪಿಎಚ್ ಏರಿಸುವುದಿಲ್ಲ, ಹಾಕಿದ ಕೂಡಲೇ ತುಸು ಇಳಿಸುತ್ತದೆ. ಅದಕ್ಕೇ ಕೆಲವರು ಸೋಡಾವನ್ನು ಓವನ್‌ನಲ್ಲಿ ಒಂದು ಗಂಟೆ ಸುಟ್ಟು ವಾಷಿಂಗ್ ಸೋಡಾ ಮಾಡಿಕೊಳ್ಳುತ್ತಾರೆ. ಅದು ಪಿಎಚ್ ಏರಿಸುತ್ತದೆ. ಬೇಸಿಗೆಯಲ್ಲಿ ಕಿಟಕಿ ತೆರೆದಾಗ ನಿಮ್ಮ ಪಿಎಚ್ 8.3ರ ಮೇಲೆ ಹೋಗತೊಡಗಿದರೆ, ಆಗ ಸುಣ್ಣ ಕಡಿಮೆ ಮಾಡಿ ಈ ಎರಡು ಬಾಟಲಿಗೆ ಬದಲಾಗಬಹುದು. ಅಷ್ಟಕ್ಕೂ ಒಂದೇ ವಿಧಾನಕ್ಕೆ ತಾಳಿ ಕಟ್ಟಬೇಕು ಅಂತೇನೂ ಇಲ್ಲ.

ಒಂದೇ ಬಾಟಲಿಯಲ್ಲಿ ಎಲ್ಲ ಇರುವ ದ್ರಾವಣಗಳೂ ಬಂದಿವೆ. ಅವುಗಳಲ್ಲಿ ಕ್ಯಾಲ್ಸಿಯಂ ಫಾರ್ಮೇಟ್ ಇರುತ್ತದೆ, ಬ್ಯಾಕ್ಟೀರಿಯಾ ಅದನ್ನು ತಿಂದ ಮೇಲೆ ಆಲ್ಕಲಿನಿಟಿ ಹುಟ್ಟುತ್ತದೆ. ಮೇಜಿನ ಮೇಲಿನ ಚಿಕ್ಕ ಟ್ಯಾಂಕಿಗೆ ಚೆನ್ನ. ನಿಮ್ಮ ಅಳತೆಗೆ ದುಬಾರಿ.

ಯಾವುದೇ ದಾರಿ ಹಿಡಿದರೂ ಮೂರು ವಿಷಯ ಮೊದಲು ನೋಡಿಕೊಳ್ಳಿ. ಉಪ್ಪಿನಂಶ ಸಾವಿರಕ್ಕೆ 35 ಇದೆಯಾ? ಅದು 32 ಇದ್ದರೆ ಕ್ಯಾಲ್ಸಿಯಂ, ಆಲ್ಕಲಿನಿಟಿ ಎಲ್ಲವೂ ಅದೇ ಅಳತೆಗೆ ಕಡಿಮೆ ತೋರಿಸುತ್ತವೆ, ನೀವು ಇಲ್ಲದ ರೋಗಕ್ಕೆ ಮದ್ದು ಮಾಡುತ್ತಿರುತ್ತೀರಿ. ಮೀಟರನ್ನು ಬರೀ ನೀರಿನಲ್ಲಿ ಸೊನ್ನೆ ಮಾಡುವುದಲ್ಲ, 35ರ ದ್ರಾವಣ ಸಿಗುತ್ತದೆ, ಅದರಲ್ಲಿ ಸರಿಮಾಡಿ. ಎರಡನೆಯದು ಮೆಗ್ನೀಸಿಯಂ. ಸಮುದ್ರದಲ್ಲಿ ಇದು 1300ರ ಸುತ್ತ. ಇದು ಕಡಿಮೆಯಾದರೆ ನೀವು ಹಾಕಿದ ಕ್ಯಾಲ್ಸಿಯಂ ಕಾರ್ಬೊನೇಟ್ ಹವಳದ ಬದಲು ಹೀಟರ್ ಮೇಲೆ, ಪಂಪಿನ ಒಳಗೆ ಕಲ್ಲಾಗಿ ಕೂರುತ್ತದೆ. ಹರಳು ಬೆಳೆಯದಂತೆ ತಡೆಯುವ ಕೆಲಸ ಮೆಗ್ನೀಸಿಯಂದು. ಮೂರನೆಯದು, ಆಲ್ಕಲಿನಿಟಿ ಅಳೆಯಲು ಡಿಜಿಟಲ್ ಚೆಕರ್ ಬಳಸುವವರಾದರೆ ಅದು ಪಿಪಿಎಂನಲ್ಲಿ ತೋರಿಸುತ್ತದೆಯಾ ಡಿಕೆಎಚ್‌ನಲ್ಲಾ ನೋಡಿ. ಪಿಪಿಎಂ ಆದರೆ 17.9ರಿಂದ ಭಾಗಿಸಬೇಕು. ಯಾವತ್ತು ಅಳೆದರೂ ಒಂದೇ ಹೊತ್ತಿಗೆ ಅಳೆಯಿರಿ. ಬೆಳಿಗ್ಗೆಯ ಅಂಕಿಗೂ ಸಂಜೆಯ ಅಂಕಿಗೂ ವ್ಯತ್ಯಾಸ ಇರುತ್ತದೆ, ಅದನ್ನು ಹಿಡಿದು ಡೋಸ್ ಬದಲಿಸಿದರೆ ನೀವೇ ಏರಿಳಿತ ಮಾಡಿದಂತೆ.

ಎಷ್ಟಕ್ಕೆ ನಿಲ್ಲಿಸಬೇಕು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಮುದ್ರದಲ್ಲಿ ಆಲ್ಕಲಿನಿಟಿ 7ರ ಆಸುಪಾಸು. 7.5ರಿಂದ 8.5ರ ನಡುವೆ ಎಲ್ಲಿ ಬೇಕಾದರೂ ಇಡಿ, ಅಲ್ಲೇ ಇಡಿ. 11ಕ್ಕೆ ಏರಿಸಿದರೆ ಬೇಗ ಬೆಳೆಯುತ್ತದೆ ಅಂತ ಹೇಳುವವರು ಸಿಗುತ್ತಾರೆ. ನೈಟ್ರೇಟು, ಫಾಸ್ಫೇಟು ಬಹಳ ಕಡಿಮೆ ಇರುವ ಟ್ಯಾಂಕಿನಲ್ಲಿ ಹಾಗೆ ಮಾಡಿದಾಗ ಅಕ್ರೋಪೋರಾದ ತುದಿಗಳು ಸುಟ್ಟ ಹಾಗೆ ಬೆಳ್ಳಗಾಗುವುದನ್ನು ನಾನು ಕಂಡಿದ್ದೇನೆ.

ಊರಿನಿಂದ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ನೇತ್ರಾಣಿಯ ಹತ್ತಿರ ಡೈವ್ ಮಾಡಿದಾಗ ಒಂದು ಚೂರು ಕಿತ್ತುಕೊಂಡು ಬಂದರೂ ಅಪರಾಧ. ಹಾಗಾಗಿ ಈ ಉತ್ತರ ನೋಡಿ ಅಲ್ಲಿ ಹವಳ ಹುಡುಕಲು ಹೊರಡಬೇಡಿ.

ಮತ್ತೆ ನಿಮ್ಮ ವಿಷಯಕ್ಕೆ. ಮೊದಲ ಎರಡು ವಾರ ದಿನ ಬಿಟ್ಟು ದಿನ ಅಳೆದು ಕ್ಯಾಲೆಂಡರಿನಲ್ಲೇ ಬರೆದಿಡಿ. ಅಂಕಿ ಏರುತ್ತಿದ್ದರೆ 600ರಿಂದ 50 ಮಿಲಿ ಲೀಟರ್ ಕಡಿಮೆ ಮಾಡಿ, ಇಳಿಯುತ್ತಿದ್ದರೆ 50 ಹೆಚ್ಚಿಸಿ, ಮೂರು ದಿನ ಕಾಯಿರಿ. ಪಿಎಚ್ ಏರಿದ ಮೇಲೆ ಹವಳ ಜಾಸ್ತಿ ತಿನ್ನತೊಡಗಬಹುದು, ಆಗ ಮತ್ತೆ ಇಳಿಯುತ್ತದೆ, ಗಾಬರಿಯಾಗಬೇಡಿ. ಯಾವಾಗ ನಿಮ್ಮ ಸುಣ್ಣದ ನೀರು ದಿನಕ್ಕೆ ಎರಡು ಲೀಟರ್ ಮುಟ್ಟುತ್ತದೋ, ಆವತ್ತು ಸುಣ್ಣವನ್ನು ಅಲ್ಲಿಗೇ ನಿಲ್ಲಿಸಿ, ಮೇಲಿನ ಕೊರತೆಯನ್ನು ಎರಡು ಬಾಟಲಿಯಿಂದ ತುಂಬಲು ಶುರು ಮಾಡಿ. ಆ ಹೊತ್ತಿಗೆ ನಿಮ್ಮ ಎರಡು ಅಕ್ರೋಪೋರಾ ತುಂಡುಗಳು ಅಂಗೈ ಅಗಲ ಆಗಿರುತ್ತವೆ.